ಶಾಲೆಯ ಕಾಲಡಿಯ ನೆಲ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಶಾಲೆ ಶುರುವಾಯಿತು. ಮನೆ ಬಾಡಿಗೆಯದು. ಮಕ್ಕಳು ಊರು ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಕುಟುಂಬಗಳವರು. ನಡೆಸಿದವರು ವಕೀಲ ಕುದ್ಮುಲ್ ರಂಗರಾಯರು. ಆ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಮೇಲ್ಜಾತಿಯ ಮಾಸ್ತರರು ಮುಂದೆ ಬರಲಿಲ್ಲ. ರಂಗರಾಯರು ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. ಊರಿನ ವಿರೋಧ ಅಷ್ಟಕ್ಕೇ ತಣಿಯಲಿಲ್ಲ. ಶಾಲೆ ಜಾಗ ಬದಲಿಸಬೇಕಾಯಿತು.

ಮಾಸ್ತರರನ್ನು ಹುಡುಕಬಹುದು, ಸ್ಲೇಟು ಬಳಪಕ್ಕೆ ದುಡ್ಡು ಕೂಡಿಸಬಹುದು. ನೆಲ ಇನ್ನೊಬ್ಬನದಾಗಿದ್ದರೆ ಶಾಲೆ ಎಷ್ಟು ದಿನ ನಡೆಯಬೇಕು ಎಂಬುದನ್ನು ಆ ಇನ್ನೊಬ್ಬನೇ ತೀರ್ಮಾನಿಸುತ್ತಾನೆ. ಶಾಲೆಯ ಮೊದಲ ವರ್ಷಗಳಲ್ಲೇ ಕಲಿತ ಈ ಪಾಠ, ರಂಗರಾಯರು ಮುಂದೆ ಮಂಗಳೂರಿನಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್‌ನ ಕೆಲಸಕ್ಕೆಲ್ಲ ದಾರಿ ತೋರಿಸಿತು. ರಂಗರಾಯರ ಬಗ್ಗೆ ಬಂದ ಬರಹಗಳು ಅವರ ಕರುಣೆಯನ್ನೂ ಛಲವನ್ನೂ ಸಾಕಷ್ಟು ಹೊಗಳಿವೆ. ಅವರು ಶಾಲೆಯ ಜೊತೆಜೊತೆಗೇ ಜಾಗ, ಮನೆ, ಕಸುಬು ಎಂದು ಓಡಾಡಿದ್ದಕ್ಕೆ ಸಿಗಬೇಕಾದ ಗಮನ ಮಾತ್ರ ಸಿಕ್ಕಿಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿನಾರರ ವಯಸ್ಸಿಗೆ ತಂದೆ ತೀರಿಕೊಂಡ ಮೇಲೆ ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿ ಸಂಬಳದ ಮಾಸ್ತರಿಕೆ ಮಾಡುತ್ತ ಮೆಟ್ರಿಕ್ಯುಲೇಷನ್ ಮುಗಿಸಿ, ಪ್ಲೀಡರ್ ಪರೀಕ್ಷೆ ಪಾಸಾದರು. ಬೆಂದೂರು ಬಾಬು ಎಂಬ ದಲಿತ ಯುವಕನ ಪ್ರಸಂಗ ಅವರ ಬದುಕಿನ ದಿಕ್ಕನ್ನು ಬದಲಿಸಿತು ಎಂದು ಅವರ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ನಾಲ್ಕನೆಯ ತರಗತಿ ಓದಿದ್ದ ಬಾಬುವಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿದಾಗ ಅಲ್ಲಿನ ಮೇಲ್ಜಾತಿಯವರು ಸಿಡಿದೆದ್ದರು. ಒಬ್ಬ ಜವಾನನ ನೇಮಕವೇ ಇಷ್ಟು ಗದ್ದಲ ಎಬ್ಬಿಸುವುದಾದರೆ ನೂರು ಮಕ್ಕಳ ಶಾಲೆ ಏನು ಎಬ್ಬಿಸೀತು ಎಂಬುದು ವಕೀಲರಾದ ಅವರಿಗೆ ತಿಳಿಯದ್ದಲ್ಲ.

ಮಿಷನ್ ಸ್ಥಾಪನೆಯಾದದ್ದು 1897ರಲ್ಲಿ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ. ಜಾತಿಭೇದ ಒಪ್ಪದ ಬ್ರಹ್ಮಸಮಾಜದ ವಿಚಾರ ಮಂಗಳೂರಿಗೆ 1870ರ ಹೊತ್ತಿಗೇ ಕಾಲಿಟ್ಟಿತ್ತು. ಉಳ್ಳಾಲ ರಘುನಾಥಯ್ಯ ಮತ್ತು ಬಿಲ್ಲವರ ಮುಂದಾಳು ಅರಸಪ್ಪನವರ ಹೆಸರು ಆ ಆರಂಭದ ಜೊತೆ ಸೇರಿಕೊಂಡಿದೆ. ರಂಗರಾಯರ ಕೆಲಸಕ್ಕೆ ಆಸರೆಯಾದ ಮನಸ್ಸುಗಳು ತಯಾರಾದದ್ದು ಆ ಬಳಗದಲ್ಲಿ.

ಇನ್ನು ನೆಲದ ಮಾತು. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ತೋಡಿನ ಬದಿಯ ತಗ್ಗಿನಲ್ಲಿರುವ ಬೈಲಿಗೆ ನೀರು ಹೆಚ್ಚು, ಬೆಳೆಯೂ ಹೆಚ್ಚು. ನಡುವಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ಬೆಟ್ಟು ಗದ್ದೆಗೆ ಒಂದೇ ಬೆಳೆ. ಅದಕ್ಕೂ ಮೇಲೆ ಮುರಕಲ್ಲಿನ ಗುಡ್ಡ, ಪೊದೆ, ಹಾಡಿ. ಲೆಕ್ಕಕ್ಕೆ ಅದು ಸರಕಾರಿ ಜಾಗವಾದರೂ ವರ್ಗ ಜಮೀನು, ಅಂದರೆ ತಮ್ಮ ಹೆಸರಿನಲ್ಲಿ ದಾಖಲಾದ ಜಮೀನು, ಉಳ್ಳವರಿಗೆ ಅದರ ಮೇಲೆ ಕುಮ್ಕಿ ಹಕ್ಕು ಇತ್ತು. ಫಸಲಿ (ಕಂದಾಯ ವರ್ಷ) 1276ಕ್ಕಿಂತ, ಅಂದರೆ 1866ರ ಸುಮಾರಿಗಿಂತ, ಮೊದಲೇ ಸಾಗುವಳಿಯಾಗಿದ್ದ ವರ್ಗದಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಕೃಷಿಗೆ ಬೇಕಾದ ಮರ ತೆಗೆಯುವ, ದನ ಮೇಯಿಸುವ ಸವಲತ್ತು ಅದು. ವರ್ಗವಿಲ್ಲದವನಿಗೆ ಕುಮ್ಕಿಯೂ ಇಲ್ಲ. ಗುಡ್ಡದಿಂದ ಸೊಪ್ಪು ಹೊತ್ತು ಧನಿಗಳ ಹಟ್ಟಿಗೆ ಹಾಕಿ, ಗೊಬ್ಬರ ಮಾಡಿ, ಬೈಲಿಗೆ ಸುರಿದು, ನಾಟಿಯಿಂದ ಕೊಯ್ಲಿನವರೆಗೆ ದುಡಿದವರಿಗೆ ಆ ಗುಡ್ಡದ ಒಂದು ಹಸಿರೆಲೆಯ ಮೇಲೂ ದಾಖಲೆಯ ಹಕ್ಕಿರಲಿಲ್ಲ.

ಅವರ ಗುಡಿಸಲು ನಿಂತಿದ್ದೂ ಧನಿಗಳ ಮರ್ಜಿಯ ಮೇಲೆ. ಜಮೀನು ಕೈಬದಲಾದರೆ ಮೂಲದಾಳುಗಳೂ, ಅಂದರೆ ತಲೆಮಾರುಗಳಿಂದ ಅದಕ್ಕೆ ಕಟ್ಟುಬಿದ್ದ ಆಳುಗಳೂ, ಅದರ ಜೊತೆಗೇ ಕೈಬದಲಾಗುತ್ತಿದ್ದ ಕಾಲವೊಂದಿತ್ತು. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸಾರಿತು. ಸಾಲ, ಪಡಿಯಕ್ಕಿ ಮತ್ತು ಹೆದರಿಕೆಯ ಹಗ್ಗ ಹಾಗೆಯೇ ಉಳಿಯಿತು. ಕಾಡಿಗೆ ಹೋಗಿ ಬದುಕೋಣವೆಂದರೆ ಅದೂ ಕಿರಿದಾಗುತ್ತಿತ್ತು. ಕಾಡು ಸವರಿ ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯಕ್ಕೆ ಮದರಾಸು ಸರಕಾರ 1860ರಲ್ಲಿ ಕಡಿವಾಣ ಹಾಕಿತು. 1882ರ ಮದರಾಸು ಅರಣ್ಯ ಕಾಯಿದೆ ರಕ್ಷಿತಾರಣ್ಯಗಳಿಗೆ ಗಡಿ ಗುರುತಿಸಿತು. ಚಿಲಿಂಬಿಯ ಶಾಲೆಗೆ ಮಕ್ಕಳು ಬಂದದ್ದು ಇಂಥ ಮನೆಗಳಿಂದ.

ರಂಗರಾಯರು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು, ಮಧ್ಯಾಹ್ನದ ಊಟ ಹಾಕುತ್ತಿದ್ದರು. ಇದನ್ನು ದಾನವೆಂದು ವರ್ಣಿಸುವುದುಂಟು. ಲೆಕ್ಕ ಹಾಕಿ ನೋಡಿದರೆ ಅದು ನಷ್ಟಕ್ಕೆ ಕಟ್ಟಿಕೊಟ್ಟ ಪರಿಹಾರ. ದನ ಕಾಯುವ, ಸೊಪ್ಪು ಹೊರುವ ಮಗು ಬೆಂಚಿನ ಮೇಲೆ ಕೂತರೆ ಮನೆಗೆ ಒಂದು ಕೂಲಿ ಕಡಿಮೆ, ಧನಿಗಳಿಗೆ ಒಂದು ಆಳು ಕಡಿಮೆ. ಮೊದಲನೆಯದನ್ನು ಎರಡು ಪೈಸೆಯಿಂದ ಸ್ವಲ್ಪ ತುಂಬಬಹುದು. ಧನಿಗಳ ಸಿಟ್ಟಿಗೆ ಮದ್ದಿರಲಿಲ್ಲ. ಅದಕ್ಕಾಗಿಯೇ ಮನೆ ಕಟ್ಟಿಕೊಳ್ಳಲು ಸ್ವಂತ ಜಾಗ ಬೇಕಿತ್ತು: ಮಗುವನ್ನು ಶಾಲೆಗೆ ಕಳಿಸಿದ ತಪ್ಪಿಗೆ ಸಂಜೆಯೊಳಗೆ ಒಕ್ಕಲೆಬ್ಬಿಸಲಾಗದಂಥ ಜಾಗ.

ಕೊಡಿಯಾಲಬೈಲಿನ ಮೇಲ್ಗಡೆಯ ಶೇಡಿಗುಡ್ಡೆಯಲ್ಲಿ ಮಿಷನ್ ನೆಲೆಯೂರಿದ್ದರ ಮಹತ್ವ ಇಲ್ಲಿದೆ. ಬೈಲಿನ ಜಾಗ ಅವರಿಗೆ ಸಿಗುವಂತಿರಲಿಲ್ಲ, ಸಿಕ್ಕಿದ್ದು ಗುಡ್ಡ. ಆ ಗುಡ್ಡದ ಮೇಲೆ ಶಾಲೆ, ವಿದ್ಯಾರ್ಥಿನಿಲಯ, ಕೈಕಸುಬಿನ ತರಬೇತಿ ಎಲ್ಲವೂ ಒಂದೊಂದಾಗಿ ಸೇರಿಕೊಂಡವು. ನೇಯ್ಗೆ, ಮರಗೆಲಸ, ತೋಟಗಾರಿಕೆ ಕಲಿಸಿದರು. ನಗರದ ಅತ್ತಾವರ, ಬೋಳೂರು, ಕಂಕನಾಡಿ, ದಡ್ಡಲಕಾಡು, ಬೊಕ್ಕಪಟ್ಣದಲ್ಲಿ, ಆಚೆ ಮೂಲ್ಕಿ, ಉಡುಪಿ, ನೇಜಾರುಗಳಲ್ಲಿ ಶಾಲೆಗಳು ತೆರೆದವು. ಶಾಲೆಯ ಬೆನ್ನಿಗೇ ಮನೆ ನಿವೇಶನಗಳ ಬೇಡಿಕೆ, ಕಾಲೊನಿಗಳು, ಸಹಕಾರ ಸಂಘ. ಅಂಗಾರ ಮಾಸ್ತರ, ಗೋವಿಂದ ಮಾಸ್ತರರಂಥ ದಲಿತ ಶಿಕ್ಷಕರು ಸ್ಥಳೀಯ ಸಂಸ್ಥೆಗಳಿಗೆ ನಾಮಕರಣಗೊಳ್ಳುವಂತೆಯೂ ರಂಗರಾಯರು ನೋಡಿಕೊಂಡರು. ರಸ್ತೆ, ಬಾವಿ, ನಿವೇಶನ ತೀರ್ಮಾನವಾಗುವುದು ಯಾವ ಮೇಜಿನ ಸುತ್ತ ಎಂಬುದನ್ನು ಅವರು ಚೆನ್ನಾಗಿ ಬಲ್ಲರು.

ಈ ದಾರಿಯಲ್ಲಿ ಅವರಿಗಿಂತ ಮೊದಲು ನಡೆದವರಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ಗೆ ಬಲ್ಮಠ ಗುಡ್ಡದ ಜಾಗ ದೊರೆತದ್ದು ಕಲೆಕ್ಟರ್ ಬ್ಲೇರ್‌ರಿಂದ. ಮತಾಂತರಗೊಂಡವರು ಕುಟುಂಬದ ಆಸ್ತಿಯಿಂದಲೂ ಒಕ್ಕಲುತನದಿಂದಲೂ ಹೊರಬಿದ್ದಾಗ ಅವರಿಗೆ ಹೊಟ್ಟೆಪಾಡಿನ ದಾರಿ ಹುಡುಕಲೇಬೇಕಾಯಿತು. 1851ರಲ್ಲಿ ಆ ಮಿಷನ್‌ನ ಹಾಲರ್ ಅವರ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ ಬಂದದ್ದು ಆ ಒತ್ತಡದಿಂದ. ನೇತ್ರಾವತಿಯ ಜೇಡಿ ಮಣ್ಣು, ಗುಡ್ಡಗಳ ಸೌದೆ ಕಾರ್ಖಾನೆಯ ಒಲೆಗೆ ಹೋದವು. ಕೊಡಗಿನ ಆನಂದಪುರದಲ್ಲಿ ಪಾದ್ರಿ ಮೊಗ್ಲಿಂಗ್ ಅವರು ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಕಾಫಿ ತೋಟದ ವಸಾಹತು ಮಾಡಿದರು. ರಂಗರಾಯರು ಮತಾಂತರದ ಮಾತೆತ್ತಲಿಲ್ಲ. ಆದರೂ ಅಕ್ಷರಕ್ಕೆ ಕಸುಬಿನ ಜೋಡಿ ಬೇಕೆಂಬ ಅವರ ತಿಳುವಳಿಕೆಗೆ ಅಕ್ಕಪಕ್ಕದ ಗುಡ್ಡಗಳಲ್ಲಿ ನಡೆಯುತ್ತಿದ್ದ ಈ ಪ್ರಯೋಗ ಕಣ್ಣೆದುರೇ ಇತ್ತು.

ಚಿಲಿಂಬಿಯ ಶಾಲೆ ಆರಂಭವಾದ ಅದೇ 1892ರಲ್ಲಿ ಮದರಾಸು ಸರಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಚೆಂಗಲ್ಪಟ್ಟಿನ ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹಿಯರ್ ಅಲ್ಲಿನ ಪರಯರ ಸ್ಥಿತಿಯ ಬಗ್ಗೆ ಬರೆದ ವರದಿಯ ಮೇಲೆ, ಸರಕಾರಿ ಜಮೀನನ್ನು ದಮನಿತ ವರ್ಗಗಳಿಗೆ ಕಾದಿರಿಸುವ ಆಜ್ಞೆ ಹೊರಟಿತು. ಬೇರೆಯವರಿಗೆ ಪರಭಾರೆ ಮಾಡಬಾರದೆಂಬ ಷರತ್ತು ಅದರ ಜೊತೆಗಿತ್ತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ದಮನಿತರಿಗೆಂದು ಹೀಗೆ ಮೀಸಲಾದ ಜಾಗವನ್ನು ಜನ ಇಂದಿಗೂ ಡಿ.ಸಿ. (ಡಿಪ್ರೆಸ್ಡ್ ಕ್ಲಾಸಸ್) ಮನ್ನಾ ಜಮೀನು ಎನ್ನುತ್ತಾರೆ. 1920ರ ಹೊತ್ತಿಗೆ ಬಂದ ಲೇಬರ್ ಕಮಿಷನರ್ ಕಚೇರಿ ಪ್ರಾಂತ್ಯದಲ್ಲಿ ಮನೆ ನಿವೇಶನ ಕೊಡಿಸುವ ಕೆಲಸವನ್ನೂ ಶಾಲೆ ನಡೆಸುವ ಕೆಲಸವನ್ನೂ ಒಂದೇ ಇಲಾಖೆಯಡಿ ತಂದಿತು. ನಿವೇಶನ ಮತ್ತು ಶಾಲೆ ಎರಡನ್ನೂ ಒಟ್ಟಿಗೆ ಯೋಚಿಸಬೇಕೆಂದು ಸರಕಾರಕ್ಕೆ ಹೊಳೆಯುವ ಮೊದಲೇ ಶೇಡಿಗುಡ್ಡೆಯಲ್ಲಿ ಆ ಕೆಲಸ ನಡೆದಿತ್ತು.

ಇದೇ ದಶಕಗಳಲ್ಲಿ ಸಮುದ್ರದಾಚೆ ಏನು ನಡೆಯುತ್ತಿತ್ತು ಎಂದು ನೋಡಿದರೆ ಮಂಗಳೂರಿನ ಕಥೆಯ ಬೇರೆತನ ಸ್ಪಷ್ಟವಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ಸೇನಾಧಿಕಾರಿ ಪ್ರ್ಯಾಟ್ ಕಾರ್ಲೈಲ್ ಶಾಲೆ ತೆರೆದು, ಸಾವಿರಾರು ಮೈಲಿ ದೂರದ ಮೂಲನಿವಾಸಿ ಮಕ್ಕಳನ್ನು ತಂದಿರಿಸಿಕೊಂಡರು. ಎಂಟು ವರ್ಷದ ಬಳಿಕ ಡಾಸ್ ಕಾಯಿದೆ ಬಂದು ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ತುಂಡರಿಸಿತು. 1887ರಲ್ಲಿ ಸುಮಾರು 13.8 ಕೋಟಿ ಎಕರೆಯಷ್ಟಿದ್ದ ಅವರ ನೆಲ 1934ರ ಹೊತ್ತಿಗೆ 4.8 ಕೋಟಿಗೆ ಇಳಿಯಿತು. ಕೆನಡಾದಲ್ಲಿ 1879ರ ಡೇವಿನ್ ವರದಿಯ ನಂತರ ಬ್ಯಾಟಲ್‌ಫರ್ಡ್, ಕ್ಯಾಪೆಲ್, ಹೈ ರಿವರ್‌ಗಳಲ್ಲಿ ಕೈಗಾರಿಕಾ ವಸತಿ ಶಾಲೆಗಳಾದವು. ಅಲ್ಲಿನ ವಸತಿ ಶಾಲೆಗಳಲ್ಲಿ ಅರ್ಧ ದಿನ ಪಾಠ, ಅರ್ಧ ದಿನ ಶಾಲೆಯ ಹೊಲದಲ್ಲೂ ಕೊಟ್ಟಿಗೆಯಲ್ಲೂ ದುಡಿಮೆ. ಕನಿಷ್ಠ ಒಂದೂವರೆ ಲಕ್ಷ ಮಕ್ಕಳು ಆ ವ್ಯವಸ್ಥೆಯನ್ನು ಹಾದುಹೋದರೆಂದು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಗಿಸಿದ ವರದಿಯಲ್ಲಿ ಅಂದಾಜಿಸಿದೆ. ಎಷ್ಟೋ ಮಕ್ಕಳು ಮನೆಗೆ ಮರಳಲಿಲ್ಲ. ಮಕ್ಕಳು ನೆಲದ ಮಾತು, ನೆಲದ ಕಸುಬು ಮರೆತರೆ ನೆಲವನ್ನು ಬಿಡಿಸಿಕೊಳ್ಳುವುದು ಸುಲಭವೆಂಬ ಲೆಕ್ಕಾಚಾರ ಆ ಶಾಲೆಗಳ ಹಿಂದಿತ್ತು. ಆಲ್ಬರ್ಟಾದ ಬ್ಲೂ ಕ್ವಿಲ್ಸ್ ಶಾಲೆಯ ಪ್ರಸಂಗ ಮಾತ್ರ ಬೇರೆ: 1970ರಲ್ಲಿ ಪೋಷಕರು ಶಾಲೆಯೊಳಗೇ ಧರಣಿ ಕೂತು ಆಡಳಿತವನ್ನು ತಮ್ಮ ಕೈಗೆ ಪಡೆದರು. ಇಂದು ಅದು ಮೂಲನಿವಾಸಿಗಳೇ ನಡೆಸುವ ವಿಶ್ವವಿದ್ಯಾಲಯ.

ರಂಗರಾಯರ ಮಿಷನ್ ಯಾರ ನೆಲವನ್ನೂ ಕಿತ್ತುಕೊಳ್ಳಲಿಲ್ಲ. ಅಲ್ಲಿಗೆ ಬಂದ ಮಕ್ಕಳ ಮನೆಯವರ ಹೆಸರು ಭೂದಾಖಲೆಯಲ್ಲಿ ಮೊದಲೇ ಇರಲಿಲ್ಲ. ಹಾಗಾಗಿ ಅಲ್ಲಿ ಶಾಲೆ ನೆಲದ ಕಡೆಗೆ ಒಂದು ಹೆಜ್ಜೆಯಾಯಿತು. ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಜೊತೆಗೆ ಇನ್ನೊಂದನ್ನೂ ಹೇಳಬೇಕು. ಕೈಮಗ್ಗವೂ ಉಳಿಯೂ ಕೊಡುವ ಸ್ವಾತಂತ್ರ್ಯ ನಗರದ್ದು. ಬೈಲಿನ ಗದ್ದೆಯಲ್ಲಿ ಪಾಲು ಕೇಳುವ ಮಾತು ಆ ಕಾಲದ ಯಾವ ಸುಧಾರಕರ ಬಾಯಲ್ಲೂ ಗಟ್ಟಿಯಾಗಿ ಬರಲಿಲ್ಲ. ಅದಕ್ಕೆ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ಗೇಣಿಗೆ ಉಳುತ್ತಿದ್ದ ಒಕ್ಕಲಿಗೆ ಗದ್ದೆ ಸಿಕ್ಕಿತು, ಕೂಲಿಯವನಿಗಲ್ಲ.

ಹೊರಗೆ ಉಳಿದವರಲ್ಲಿ ಎಲ್ಲರಿಗಿಂತ ಹೊರಗೆ ಉಳಿದವರು ಕೊರಗರು. ಈ ನೆಲದ ಮೊದಲ ನಿವಾಸಿಗಳೆಂದು ತುಳುನಾಡೇ ಅವರನ್ನು ಒಪ್ಪುತ್ತದೆ. ಅವರ ಪೂರ್ವಜನೊಬ್ಬ, ಹಬಾಶಿಕ, ಇಲ್ಲಿ ಅರಸನಾಗಿದ್ದನೆಂಬ ಐತಿಹ್ಯವೂ ಇದೆ. ಅದೇ ಜನ ಊರ ಹೊರಗಿನ ಕೊಪ್ಪಗಳಲ್ಲಿ, ಸೊಪ್ಪಿನ ಗುಡಿಸಲುಗಳಲ್ಲಿ ಬದುಕಿದರು. ಕಾಡಿನ ಬೂರು (ಬಳ್ಳಿ), ಬಿದಿರು ತಂದು ತಡ್ಪೆ, ಕುಡ್ಪು, ಕುರುವೆ ಎಂಬ ಮೊರ ಬುಟ್ಟಿಗಳನ್ನು ಹೆಣೆದು ಕೊಟ್ಟರು. ಕೃಷಿಕರ ಮನೆಯಲ್ಲಿ ಅಕ್ಕಿ ಗೇರುವುದಕ್ಕೂ ಅನ್ನ ಬಸಿಯುವುದಕ್ಕೂ ಕೊರಗರ ಕೈಯ ಹೆಣಿಗೆ ಬೇಕಿತ್ತು. ಆ ಕೈ ಮಾತ್ರ ಅಂಗಳ ದಾಟುವಂತಿರಲಿಲ್ಲ. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಅವರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಕಾಯಿದೆಯ ಇಸವಿ ಓದುವಾಗ ಯಾರಿಗಾದರೂ ನಾಚಿಕೆಯಾಗಬೇಕು.

ಸ್ವಾತಂತ್ರ್ಯದ ನಂತರ ಕೊರಗ, ಮಲೆಕುಡಿಯ ಬುಡಕಟ್ಟುಗಳ ಮಕ್ಕಳಿಗೆ ಬಂದದ್ದು ಆಶ್ರಮ ಶಾಲೆ. ಸಮಾಜಸೇವಕ ಠಕ್ಕರ್ ಬಾಪಾ 1922ರಲ್ಲಿ ಗುಜರಾತಿನ ದಾಹೋದ್‌ನಲ್ಲಿ ಭಿಲ್ ಸೇವಾ ಮಂಡಲ ಕಟ್ಟಿದಾಗಿನಿಂದ ಬೆಳೆದ ಕಲ್ಪನೆ ಅದು: ಗುಡ್ಡಗಾಡಿನ ಮಗುವಿಗೆ ಊಟ, ವಸತಿ, ಪಾಠ ಒಂದೇ ಸೂರಿನಡಿ. ಪರಿಶಿಷ್ಟ ಪಂಗಡಗಳ ಸ್ಥಿತಿ ಪರಿಶೀಲಿಸಿದ ಧೇಬರ್ ಆಯೋಗ 1961ರಲ್ಲಿ ಅದಕ್ಕೆ ಒತ್ತು ಕೊಟ್ಟಿತು. ಕರಾವಳಿಯಲ್ಲಿ ಈ ಶಾಲೆಗಳು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಆಶ್ರಯದಲ್ಲಿ ನಡೆದುಬಂದಿವೆ. ಮೂರು ಹೊತ್ತು ಅನ್ನ, ಒಣ ಹಾಸಿಗೆ, ಅಜಲಿನ ಕರೆ ತಲುಪದ ಒಂದು ಗೋಡೆ. ಇಷ್ಟನ್ನು ಕೊಟ್ಟ ಶಾಲೆಯನ್ನು ಹಗುರಾಗಿ ಕಾಣುವಂತಿಲ್ಲ. ಇಂದು ಕೊರಗ ಸಮುದಾಯದ ಹೆಣ್ಣುಮಗಳೊಬ್ಬರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಕಲಿಸುವ ಮಟ್ಟಕ್ಕೆ ಏರಿದ್ದರ ಹಿಂದೆ ಓದಿಗಾಗಿ ಇಡೀ ಸಮುದಾಯ ಪಟ್ಟ ಪಾಡಿದೆ.

ಆದರೆ ಆರು ವರ್ಷಕ್ಕೆ ಕೊಪ್ಪ ಬಿಟ್ಟ ಮಗು ರಜೆಯಲ್ಲಿ ಮಾತ್ರ ಮನೆ ಕಾಣುತ್ತದೆ. ಯಾವ ಬೂರು ಬಾಗುತ್ತದೆ, ಯಾವುದು ಮುರಿಯುತ್ತದೆ, ಯಾವ ತಿಂಗಳಲ್ಲಿ ಕಡಿದರೆ ಹುಳ ಹಿಡಿಯದು ಎಂಬುದು ಅಪ್ಪ ಅಮ್ಮನ ಹಿಂದೆ ಕಾಡಿಗೆ ಹೋಗಿ ಕಲಿಯುವ ವಿದ್ಯೆ. ಶಾಲೆಯ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅಷ್ಟರಲ್ಲಿ ಕಾಡೂ ಬದಲಾಯಿತು. ಸರಕಾರಿ ಗುಡ್ಡಗಳಲ್ಲಿ ಗೇರು ನೆಡುತೋಪುಗಳೆದ್ದವು. 1978ರಲ್ಲಿ ಶುರುವಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ಕೇಂದ್ರ ಕಚೇರಿ ಇರುವುದೇ ಮಂಗಳೂರಿನಲ್ಲಿ. ಮುರಕಲ್ಲಿನ ಬೋಳು ಗುಡ್ಡಗಳಿಗೆ ಅಕೇಶಿಯಾ ಬಂತು. ಅಕೇಶಿಯಾದ ಕೆಳಗೆ ಬೂರು ಹಬ್ಬುವುದು ಕಷ್ಟ. ಪಣಂಬೂರಿನಲ್ಲಿ 1970ರ ದಶಕದಲ್ಲಿ ಬಂದರು, ರಸಗೊಬ್ಬರ ಕಾರ್ಖಾನೆ ಎದ್ದು ನಗರ ಉತ್ತರಕ್ಕೆ ಚಾಚಿತು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘಟ್ಟದ ಬುಡದ ಕುತ್ಲೂರಿನಂಥ ಮಲೆಕುಡಿಯರ ನೆಲೆಗಳನ್ನು ಒಳಗೆ ಸೇರಿಸಿಕೊಂಡಿತು. ಮಗು ಶಾಲೆಯಿಂದ ಮರಳುವ ಹೊತ್ತಿಗೆ ಹೋಗಲು ಕಾಡಿಲ್ಲ, ಪ್ಲಾಸ್ಟಿಕ್ ಮೊರ ಬಂದ ಮೇಲೆ ಹೆಣೆದದ್ದಕ್ಕೆ ಗಿರಾಕಿಯೂ ಇಲ್ಲ.

ಬೇರೆ ದಾರಿ ಇತ್ತೇ? ಬಿಳಿಗಿರಿರಂಗನ ಬೆಟ್ಟದಲ್ಲಿ ಇತ್ತು. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾಗಿ ಸೋಲಿಗ ಬುಡಕಟ್ಟಿನವರು ಪೋಡುಗಳಿಂದ, ಅಂದರೆ ತಮ್ಮ ಕಾಡಿನೊಳಗಿನ ಊರುಗಳಿಂದ, ಕದಲಬೇಕಾಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶಾಲೆಯನ್ನು ಬೆಟ್ಟದ ಮೇಲೆಯೇ ತೆರೆಯಿತು, ಸೋಲಿಗರ ಸಂಘಗಳೂ ಜೊತೆಗೇ ಬೆಳೆದವು. 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಓದಿದ ಸೋಲಿಗ ಮಕ್ಕಳು ಹಳೆಯ ಪೋಡುಗಳ, ದೇವರ ನೆಲೆಗಳ ನಕ್ಷೆ ಮಾಡುವುದರಲ್ಲಿ ಹಿರಿಯರ ಜೊತೆ ನಿಂತರು.

ಕೊರಗರೂ ಕೈಕಟ್ಟಿ ಕೂರಲಿಲ್ಲ. 1993ರ ಆಗಸ್ಟ್ 18ರಂದು ಅವರು ಮಂಗಳೂರಿನಲ್ಲಿ ಬೀದಿಗಿಳಿದು ಭೂಮಿಯ ಹಕ್ಕು ಕೇಳಿದರು. ಮುಂದೆ ಬಂದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿ ಭೂಮಿ ಕೊಡಬೇಕೆಂದಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 15 ಸಾವಿರದ ಒಳಗೆ. ಕುಟುಂಬಗಳ ಲೆಕ್ಕದಲ್ಲಿ ಅವರು ಹೆಚ್ಚಾಗಿರುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಇದು ಹೊರಲಾರದ ಹೊರೆಯೇನಲ್ಲ. ವರದಿ ಬಂದು ಮೂರು ದಶಕ ಕಳೆದರೂ ಬೇಡಿಕೆ ಮುಗಿದಿಲ್ಲ. ಪ್ರತಿ ಆಗಸ್ಟ್ 18ರಂದು ಸಮುದಾಯ ಭೂಮಿ ಹಬ್ಬ ಆಚರಿಸುತ್ತದೆ, ಡೋಲು ಕೊಳಲಿನೊಡನೆ ಅದೇ ಎರಡೂವರೆ ಎಕರೆಯ ಮಾತು ಮತ್ತೆ ಕೇಳುತ್ತದೆ. ಡಿ.ಸಿ. ಮನ್ನಾ ಜಮೀನನ್ನು ಅಳತೆ ಮಾಡಿ ಹಂಚಿ ಎಂದು ದಲಿತ ಸಂಘಟನೆಗಳು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂಗುವುದೂ ನಿಂತಿಲ್ಲ.

ರಂಗರಾಯರು 1927ರಲ್ಲಿ ಸನ್ಯಾಸ ಪಡೆದು ಈಶ್ವರಾನಂದರಾಗಿ, 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಗಲಿ ಎಂದು ಅವರು ಬಯಸಿದ್ದು ಜಿಲ್ಲೆಯಲ್ಲಿ ಮನೆಮಾತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರ ಕೆಲಸವನ್ನು ನೆನೆದರು. ಮಿಷನ್ನಿನ ಹೊಣೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಹೋಯಿತು. ನಗರದ ಪುರಭವನಕ್ಕೆ ಈಗ ರಂಗರಾಯರದೇ ಹೆಸರು. ಬಾಬುಗುಡ್ಡೆಯ ಸಮಾಧಿಗೆ ಪ್ರತಿವರ್ಷ ಹೂಮಾಲೆ ಬೀಳುತ್ತದೆ.

ಹೂಮಾಲೆಯ ಜೊತೆಗೆ ಒಂದು ಕಡತವನ್ನೂ ತೆರೆಯಬೇಕು. ಮಿಷನ್ ಶಾಲೆಗಳಿದ್ದ ಒಂದೊಂದು ಜಾಗದ ಸರ್ವೆ ನಂಬರು, ಅದು ಬಂದ ಬಗೆ, ಈಗ ಅಲ್ಲಿರುವುದು ಏನು ಎಂಬುದನ್ನು ಬರೆದಿಟ್ಟರೆ ಅದು ನಗರದ ಭೂಚರಿತ್ರೆಯ ಅಧ್ಯಾಯವೇ ಆಗುತ್ತದೆ. ಕೊರಗರ ಮಟ್ಟಿಗೆ ಇನ್ನೊಂದು ಕಾಗದವೂ ಬಾಕಿಯಿದೆ. 2006ರ ಅರಣ್ಯ ಹಕ್ಕು ಕಾಯಿದೆ ಕೊರಗ, ಜೇನುಕುರುಬರಂಥ ಅತಿ ದುರ್ಬಲ ಬುಡಕಟ್ಟುಗಳಿಗೆ ತಮ್ಮ ಸಾಂಪ್ರದಾಯಿಕ ಆವಾಸದ ಮೇಲೆ ಹಕ್ಕು ಕೇಳಲು ಅವಕಾಶ ಕೊಟ್ಟಿದೆ. ಅದಕ್ಕೆ ಬೂರು ಬೆಳೆಯುವ ಹಾಡಿ, ಹಳೆಯ ಕೊಪ್ಪ, ನೀರಿನ ಜಾಗಗಳ ನಕ್ಷೆ ಬೇಕು. ಹೇಳುವ ಹಿರಿಯರು ಇನ್ನೂ ಇದ್ದಾರೆ. ಕೇಳಿ ಬರೆದುಕೊಳ್ಳಬಲ್ಲ, ಆಶ್ರಮ ಶಾಲೆಯಲ್ಲೇ ಓದಿ ಬಂದ ಹುಡುಗ ಹುಡುಗಿಯರೂ ಈಗ ಕೊಪ್ಪಗಳಲ್ಲಿ ಇದ್ದಾರೆ.